ಉಚ್ಚೀರಪ್ಪನ ಪಾಲಿನ ಸೂಜಿ

ಕಾಯಿಲೆ ಕಸಾಲೆ ಏನೂ ಇಲ್ಲದೆ, ಕೈಕಾಲು ಗಟ್ಟಿ ಇರುವಾಗಲೇ ಡಾಕ್ಟರ ಬಾಗಿಲಿಗೆ ಹೋದವನೆಂದರೆ ಆ ಊರಿನಲ್ಲಿ ಕುರಿಗಾರ ಉಚ್ಚೀರಪ್ಪನೇ ಮೊದಲನೆಯವನು. ಅವನೂ ಬೇಕೆಂದು ಹೋದದ್ದಲ್ಲ. ಆಸ್ಪರಿ ಕಡೆಯ ತನ್ನ ಊರಿನಿಂದ ಆದೋನಿ ಸಂತೆಗೆ ಕಂಬಳಿ ಮಾರಲು ಬಂದಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಹತ್ತಿ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ನೆರಳಿರುವ ಜಗಲಿಯೊಂದು ಕಂಡಿತು, ಏರಿ ಕೂತ. ಅದು ಡಾಕ್ಟರ್ ಉರುಕುಂದಪ್ಪನವರ ದವಾಖಾನೆಯ ಜಗಲಿ. ಕೂತ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ಏಳಲು ನಾಚಿಕೆಯಾಯಿತು.

ಅದು ಆಂಧ್ರ ರಾಜ್ಯ ಹುಟ್ಟಿದ ಮರುವರ್ಷದ ಬೇಸಿಗೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿಯ ಜನರನ್ನು ಕೂತಲ್ಲಿಂದ ಏಳಿಸದೆಯೇ ಕರ್ನೂಲು ಜಿಲ್ಲೆಗೆ ಸೇರಿಸಿ ಆಗಿತ್ತು. ಕುರಿಗಳಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ಉಚ್ಚೀರಪ್ಪನಿಗೂ ಆಗಲಿಲ್ಲ. ಆದರೆ ಆ ಬೇಸಿಗೆ ಹೊಳೆಸಾಲಿನಲ್ಲಿ ವಾಂತಿಭೇದಿ ಎದ್ದಿತ್ತು. ಮಾಧವರಂ ಕಡೆ ಶುರುವಾದದ್ದು ಮಂತ್ರಾಲಯಕ್ಕೆ ಹೋಗಿಬರುವವರ ಜೊತೆ ರೈಲು ಹತ್ತಿ ಈಚೆಗೂ ಬರುತ್ತಿದೆಯೆಂದು ಸುದ್ದಿ. ಓದಿದವರು ಅದನ್ನು ಕಾಲರಾ ಎನ್ನುತ್ತಿದ್ದರು, ಹಳ್ಳಿಯವರು ಗತ್ತರ ಎನ್ನುತ್ತಿದ್ದರು. ಯಾವ ಹೆಸರಿನಿಂದ ಕರೆದರೂ ಬೆಳಗ್ಗೆ ಹೊಟ್ಟೆ ಹಿಡಿದುಕೊಂಡವರನ್ನು ಸಂಜೆ ಹೊತ್ತುಕೊಂಡು ಹೋಗುತ್ತಿದ್ದರು.

ಉರುಕುಂದಪ್ಪನವರು ಮದ್ರಾಸಿನಲ್ಲಿ ಓದಿ ಬಂದ ಡಾಕ್ಟರು. ಆದರೆ ಹುಟ್ಟಿದ್ದು ಇಲ್ಲೇ, ಮಾತು ಇಲ್ಲಿಯದೇ. ಅವರಿಗೊಂದು ಹುಚ್ಚಿತ್ತು. ರೋಗ ಬಂದವರಿಗೆ ಮದ್ದು ಕೊಡುವುದರಲ್ಲಿ ಅಷ್ಟೇನೂ ರುಚಿ ಇರಲಿಲ್ಲ; ರೋಗ ಬರದವರನ್ನು ಹಿಡಿದು ಕೂರಿಸಿ ಬುದ್ಧಿ ಹೇಳುವುದೆಂದರೆ ಊಟ ಬಿಡುತ್ತಿದ್ದರು. ಸಂತೆಯ ದಿನ ಜಗಲಿಯ ಮೇಲೆ ನೆರಳಿಗೆ ಬಂದವರೆಲ್ಲ ಅವರ ಕೈಗೆ ಸಿಕ್ಕಿಬೀಳುತ್ತಿದ್ದರು. ಪ್ರೆಸ್ಸಿನಿಂದ ಹಾರಿಬಂದ ಅರಳೆ ತಲೆಯ ಮೇಲೆ, ಮೀಸೆಯ ಮೇಲೆ ಕೂರುತ್ತಿದ್ದರೂ ಡಾಕ್ಟರು ಅದನ್ನು ಒರೆಸಿಕೊಳ್ಳದೆ ಮಾತಾಡುತ್ತಿದ್ದರು.

"ನೀರು ಕಾಸಿ ಆರಿಸಿ ಕುಡೀರಿ. ನೊಣ ಕೂತ ಹಣ್ಣು ಮುಟ್ಟಬ್ಯಾಡ್ರಿ. ಉಣ್ಣಾಕ ಮುಂಚೆ ಕೈ ತೊಳ್ಕೊರಿ. ಉಂಡ ಮ್ಯಾಲೆ ಎಲ್ಲಾರೂ ತೊಳ್ಕೊಂತೀರಿ, ಅದು ಬ್ಯಾರೆ. ಸೂಜಿ ಹಾಕಿಸ್ಕೊರಿ. ಮನಿಗೊಬ್ರಿಗಲ್ಲ, ಮನಿ ಮಂದಿಗೆಲ್ಲಾ ಆಗ್ಬೇಕು. ಬ್ಯಾನಿ ಹೊಕ್ಕ ಮ್ಯಾಲೆ ಬಂದ್ರ ನನ್ನ ಕೈಯಾಗ ಏನೂ ಇರಂಗಿಲ್ಲ."

ಬೇರೆಯವರು ಹೂಂ ಹೂಂ ಎಂದು ತಲೆಯಾಡಿಸುತ್ತ ಕೂತಿದ್ದರು. ಉಚ್ಚೀರಪ್ಪ ಮಾತ್ರ ಕಿವಿಗೆ ಹಾಕಿಕೊಂಡ. ಕೈ ಎತ್ತಿ ಕೇಳಿದ.

"ಕುರಿಗೂ ಹಾಕಿಸ್ಬೇಕೇನ್ರಿ ಡಾಕ್ಟ್ರೇ?"

"ಕುರಿಗೆ ಈ ಬ್ಯಾನಿ ಬರಂಗಿಲ್ಲಪ್ಪಾ."

"ಅವೇನು ನೀರು ಕಾಸಿ ಕುಡ್ಯಂಗಿಲ್ಲಲ್ರಿ."

ಡಾಕ್ಟರು ಅವನನ್ನು ಒಂದು ಗಳಿಗೆ ನೋಡಿದರು. "ನಿನ್ನ ಮನಿ ಮಂದೀನ ಕರ್ಕೊಂಡ್ ಬಾ" ಎಂದಷ್ಟೇ ಹೇಳಿದರು.

ಉಚ್ಚೀರಪ್ಪನ ಮನೆಯಲ್ಲಿ ಮಂದಿ ಬಹಳಿಲ್ಲ. ಹೆಂಡತಿ ಲಿಂಗಕ್ಕ, ಮಗ ಭೀಮಲಿಂಗಪ್ಪ, ಸೊಸೆ ಗಿಡ್ಡಮ್ಮ, ಮೊಮ್ಮಗಳು ಹುಲುಗಮ್ಮ. ಮೊಮ್ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆದರೆ ಅಜ್ಜಿಯ ಬಾಯಿ ಆಗಲೇ ಬಂದಿತ್ತು. ಮನೆಯ ಯಜಮಾನ ಉಚ್ಚೀರಪ್ಪನೇ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಲಿಂಗಕ್ಕ ಆಗಲಿ ಎಂದದ್ದನ್ನು ಆಗಲಿ ಎನ್ನುವವನೂ, ಆಕೆ ಬೇಡವೆಂದದ್ದನ್ನು ಬೇಡ ಎನ್ನುವವನೂ ಅವನೇ.

"ಏನಂದಿ? ಸೂಜಿ?" ಲಿಂಗಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಮ್ಮಣ್ಣಗ ಏನಾತು, ಮರ್ತ್ಯಾ?"

ಆಕೆಯ ಅಣ್ಣ ಹನುಮಣ್ಣನ ಕಥೆ ಊರಿಗೆಲ್ಲ ಗೊತ್ತು. ಹೊಟ್ಟೆಯೊಳಗೆ ಏನೋ ಒಡೆದು, ಮಂತ್ರ ಹಾಕುವವರೂ ಬೇರು ಕೊಡುವವರೂ ಕೈಬಿಟ್ಟ ಮೇಲೆ, ಉಸಿರು ಗಂಟಲಿಗೆ ಬಂದಾಗ ಗಾಡಿಯಲ್ಲಿ ಹಾಕಿಕೊಂಡು ಎಲ್ಲೋ ದೂರದ ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿ ಸೂಜಿ ಹಾಕಿದರು. ಬೆಳಗಾಗುವುದರೊಳಗೆ ಹೋಗಿಬಿಟ್ಟ. ಹಾಕದಿದ್ದರೂ ಹೋಗುತ್ತಿದ್ದ, ಪಾಪ. ಆದರೆ ಲಿಂಗಕ್ಕ ಕಣ್ಣಾರೆ ಕಂಡದ್ದು ಸೂಜಿಯನ್ನು.

"ಗಟ್ಟಿ ಇದ್ದೋರಿಗೆ ಸೂಜಿ ಯಾಕ? ಅದೂ ಬಿಟ್ಟಿ ಹಾಕ್ತಾರಂತ! ಬಿಟ್ಟಿ ಕೊಡ್ತಾರಂದ್ರ ಅದರಾಗ ಏನೋ ಐತಿ. ನಾ ಹಾಕಿಸ್ಕೊಳ್ಳಂಗಿಲ್ಲ, ನನ್ನ ಮನ್ಯಾಗ ಯಾರಿಗೂ ಹಾಕಿಸ್ಗೊಡಂಗಿಲ್ಲ."

"ನೀರರ ಕಾಸು ಅಂತ ಹೇಳ್ಯಾರ."

"ಕಾಸಾಕ ಕಟ್ಟಿಗಿ ಆ ಡಾಕ್ಟ್ರು ಕಳಿಸ್ತಾನೇನು? ಸಂಗಟಿ ಬೇಯಿಸಾಕ ಪುಳ್ಳಿ ಸಿಗವಲ್ದು, ನೀರು ಬೇಯಿಸ್ಬೇಕಂತ ನೀರು!"

ಉಚ್ಚೀರಪ್ಪ ಮಗನ ಮುಖ ನೋಡಿದ. ಭೀಮಲಿಂಗಪ್ಪ "ಅವ್ವ ಅಂದಂಗ" ಎಂದು ಹೇಳಿ ಹಟ್ಟಿಯ ಕಡೆ ನಡೆದ. ಸೊಸೆ ಒಳಗಿಂದ ಹೊರಗೆ ಬರಲೇ ಇಲ್ಲ. ಅಲ್ಲಿಗೆ ಆ ಮನೆಯಲ್ಲಿ ಸೂಜಿಯ ಮಾತು ಮುಗಿಯಿತು.

ಲಿಂಗಕ್ಕನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಬೈಯುವುದರಲ್ಲಿ ಆಕೆ ಊರಿಗೇ ದೊಡ್ಡವಳು, ಆದರೆ ಗಂಡನ ಹೆಸರು ಹಿಡಿದು ಬೈದವಳಲ್ಲ. ಹೆಸರನ್ನೇ ಹಿಡಿದವಳಲ್ಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಸ್ಸು ಇಳಿಯುತ್ತದೆಂದು ತಾಯಿ ಹೇಳಿ ಕಳಿಸಿದ್ದಳು. ಮದುವೆಯಾದಂದಿನಿಂದ ಅದನ್ನು ಪಾಲಿಸಿಕೊಂಡು ಬಂದಿದ್ದಳು. ಮೊದಮೊದಲು "ಇವನೇ" ಎನ್ನುತ್ತಿದ್ದಳು, ಮಗ ಹುಟ್ಟಿದ ಮೇಲೆ "ಭೀಮಲಿಂಗನ ಅಪ್ಪ" ಅಂದಳು, ಈಗ "ಹುಲುಗಿ ತಾತ". ಓಟಿನ ಪಟ್ಟಿ ಬರೆಯುವ ಗುಮಾಸ್ತ ಮನೆಗೆ ಬಂದು "ನಿನ್ನ ಗಂಡನ ಹೆಸರೇನಮ್ಮಾ" ಎಂದು ಕೇಳಿದಾಗ ಈ ಮಹಾತಾಯಿ ಮುಖ ಆಚೆ ತಿರುಗಿಸಿ ನಿಂತಳು. ಆತ ಬಿಸಿಲಲ್ಲಿ ಕಾದ. ಕೊನೆಗೆ ಪಕ್ಕದ ಮನೆಯ ಭೀಮಕ್ಕ ಗೋಡೆಯಾಚೆಯಿಂದ "ಉಚ್ಚೀರಪ್ಪ ಅಂತ ಬರ್ಕೊಳ್ಳಪ್ಪಾ, ಆಕಿ ಹೇಳಂಗಿಲ್ಲ" ಎಂದು ಕೂಗಿ ಹೇಳಬೇಕಾಯಿತು.

ಮರುದಿನ ಉಚ್ಚೀರಪ್ಪ ಗುಡ್ಡದ ಓರೆಯಲ್ಲಿ ಕುರಿ ಬಿಟ್ಟುಕೊಂಡು ಕೋಲಿಗೆ ಗದ್ದ ಊರಿ ನಿಂತ. ಗತ್ತರ ಪಕ್ಕದ ಊರಿನ ತನಕ ಬಂದಿತ್ತು. ಹುಲುಗಮ್ಮ ಹಳ್ಳದ ಮರಳಲ್ಲಿ ಆಡಿ ಅದೇ ಕೈಯನ್ನು ಬಾಯಿಗೆ ಇಡುತ್ತಾಳೆ. ಗಿಡ್ಡಮ್ಮನಿಗೆ ಮೊದಲೇ ಹೊಟ್ಟೆ ಸೂಕ್ಷ್ಮ. ಆ ಮಗ ಸಂತೆಯಲ್ಲಿ ಕೊಯ್ದಿಟ್ಟ ಕಲ್ಲಂಗಡಿ ಕಂಡರೆ ನೊಣವನ್ನೂ ಬಿಡುವುದಿಲ್ಲ. ಇವರಲ್ಲಿ ಒಬ್ಬರು ಹೋದರೂ ತಾನು ಬದುಕಿ ಏನು ಮಾಡುವುದು ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಕುರಿಗಳ ಮುಂದೆ ಅಳಲು ಅವನಿಗೆ ನಾಚಿಕೆ ಇರಲಿಲ್ಲ.

ಅತ್ತು ಮುಗಿದ ಮೇಲೆ ಯೋಚನೆ ಬಂತು. ಅಲ್ಲಾ, ಶ್ರಾವಣದಲ್ಲಿ ಒಪ್ಪತ್ತು ಇರುವವರು ಯಾರು? ತಾನೊಬ್ಬನೇ. ಪುಣ್ಯ ಬರುವುದು ಮನೆಗೆಲ್ಲ. ಭೀಮಲಿಂಗಪ್ಪನಿಗೆ ಚಿಕ್ಕವನಿದ್ದಾಗ ಜ್ವರ ಬಂದರೆ ತಲೆ ಬೋಳಿಸಿಕೊಂಡವನು ತಾನು, ಜ್ವರ ಬಿಟ್ಟದ್ದು ಮಗನಿಗೆ. ಗಿಡ್ಡಮ್ಮನ ಹೆರಿಗೆ ಕಷ್ಟವಾದಾಗ ಗುಡಿಯ ಸುತ್ತ ಉರುಳಿದವನು ತಾನು, ಹೆತ್ತವಳು ಆಕೆ. ಮನೆಯವರ ಪಾಲಿನದನ್ನೆಲ್ಲ ಯಜಮಾನ ಮೈಮೇಲೆ ತೆಗೆದುಕೊಳ್ಳುವುದು ಹೊಸದೇನಲ್ಲವಲ್ಲ. ಡಾಕ್ಟರು ಹೇಳಿದ್ದೇನು? ಮನೆ ಮಂದಿಗೆಲ್ಲ ಆಗಬೇಕು ಎಂದರು. ಯಾರ ತೋಳಿಗೆ ಎಂದು ಹೇಳಲೇ ಇಲ್ಲ.

ಅವನಿಗೆ ಮೈಮೇಲಿನ ಕಂಬಳಿ ಇಳಿಸಿದಷ್ಟು ಹಗುರವಾಯಿತು. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಹರಕೆಗೆ ಯಾವ ಕಟ್ಟಳೆಯೋ ಇದಕ್ಕೂ ಅದೇ ಎಂದು ಅವನೇ ತೀರ್ಮಾನ ಮಾಡಿದ. ಯಾರ ಪಾಲಿನದೋ ಅವರ ಹೆಸರು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅವರಿಗೆ ತಲುಪುವುದಿಲ್ಲ. ಪೂರ್ತಿ ತೀರುವ ತನಕ ಮನೆಯಲ್ಲಿ ಬಾಯಿ ಬಿಡಬಾರದು. ಒಂದು ಸಂತೆಗೆ ಒಬ್ಬರದು. ಎರಡನ್ನು ಒಟ್ಟಿಗೆ ತಗೊಂಡರೆ ಒಂದಕ್ಕೊಂದು ಕಲೆತು ಯಾರದು ಯಾರಿಗೆ ಹೋಯಿತೋ ಗೊತ್ತಾಗದೆ ಹೋದೀತು.

ಮುಂದಿನ ಸಂತೆಗೆ ಹೋದಾಗ ಜಗಲಿಯ ಮೇಲೆ ಸಾಲು ನಿಂತಿತ್ತು. ಪಕ್ಕದ ಊರುಗಳ ಸಾವಿನ ಸುದ್ದಿ ಡಾಕ್ಟರ ಮಾತಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಸೂಜಿ ಹಾಕುತ್ತಿದ್ದವನು ಕಂಪೌಂಡರ್ ಹನುಮಂತು. ಅವನಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮುಖಗಳನ್ನು ನೋಡುವುದು ಬಿಟ್ಟು ತೋಳುಗಳನ್ನಷ್ಟೇ ನೋಡುತ್ತಿದ್ದ. ಉಚ್ಚೀರಪ್ಪನ ಬಲತೋಳು ಬಂತು, ಸ್ಪಿರಿಟ್ ಒರೆಸಿದ, ಚುಚ್ಚಿದ.

"ಹುಲುಗಮ್ಮಾ!" ಎಂದ ಉಚ್ಚೀರಪ್ಪ, ಗಟ್ಟಿಯಾಗಿ.

ಸೂಜಿ ತಾಕಿದಾಗ ಎಲ್ಲರೂ ಯಾವುದಾದರೊಂದು ದೇವರನ್ನು ಕರೆಯುತ್ತಿದ್ದರು. ಹನುಮಂತು "ಅಯ್ಪೋಯಿಂದಿ ತಾತಾ, ಮುಗೀತು" ಎಂದು ಅರ್ಧ ತೆಲುಗಿನಲ್ಲಿ ಸಮಾಧಾನ ಹೇಳಿ ಮುಂದಿನ ತೋಳು ಹಿಡಿದ.

ಸಂಜೆ ಊರು ಮುಟ್ಟುವಷ್ಟರಲ್ಲಿ ಮೈ ಕಾದಿತ್ತು. ತೋಳು ಬಿರಿಯುವಂತೆ ನೋಯುತ್ತಿತ್ತು. ಉಚ್ಚೀರಪ್ಪನಿಗೆ ಒಳಗೊಳಗೇ ಖುಷಿ. ಈ ಜ್ವರ ಆ ಕೂಸಿನ ಮೈಗೆ ಬರಬೇಕಾಗಿತ್ತಲ್ಲ, ತನಗೆ ಬಂತಲ್ಲ ಎಂದುಕೊಂಡ. ಓಲಾಡುತ್ತ ಬಾಗಿಲು ದಾಟಿದ.

"ಬಂದ್ಯಾ? ಕುಡ್ದು ಬಂದ್ಯಾ?" ಲಿಂಗಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಈ ವಯಸ್ನಾಗ ಸೇಂದಿ ಅಂಗಡಿ ಮೆಟ್ಲು ಹತ್ತಾಕ ಶುರು ಮಾಡೀಯಾ ನೀನು?"

ಕಟ್ಟಳೆ ಕಟ್ಟಳೆಯೇ. ಉಚ್ಚೀರಪ್ಪ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿ ನಡುಗಿದ. ಲಿಂಗಕ್ಕ ಮಲಗುವ ತನಕ ಬೈದಳು, ಮಲಗಿದ ಮೇಲೂ ಸ್ವಲ್ಪ ಹೊತ್ತು ಬೈದಳು.

ಮುಂದಿನ ಸಂತೆಗೆ ಎಡತೋಳಿನಲ್ಲಿ ಗಿಡ್ಡಮ್ಮನದು ಆಯಿತು. ಅದರ ಮುಂದಿನದಕ್ಕೆ ಮತ್ತೆ ಬಲತೋಳಿನಲ್ಲಿ ಭೀಮಲಿಂಗಪ್ಪನದು. ಈ ಮುದುಕನಿಗೆ ಎಷ್ಟು ದೇವರುಗಳಪ್ಪಾ ಎಂದು ಹನುಮಂತುವಿಗೆ ಅನ್ನಿಸಿರಬಹುದು, ಅನ್ನಿಸದೆಯೂ ಇರಬಹುದು; ಸಾಲು ಆಗಲೇ ಓಣಿಯ ತಿರುವಿನ ತನಕ ಬೆಳೆದಿತ್ತು. ಡಾಕ್ಟರು ಒಳಗೆ, ವಾಂತಿಭೇದಿ ಹತ್ತಿ ಬಂದವರನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದರು. ಪ್ರತಿ ಸಲವೂ ಉಚ್ಚೀರಪ್ಪ ಓಲಾಡುತ್ತ ಮನೆ ಸೇರಿದ, ಪ್ರತಿ ಸಲವೂ ಸೇಂದಿಯ ಬೈಗುಳ ತಿಂದ. ಹಾಗೆ ನೋಡಿದರೆ ಅವನು ಜೀವಮಾನದಲ್ಲಿ ಸೇಂದಿ ಮುಟ್ಟಿದವನಲ್ಲ, ಅದರ ವಾಸನೆಗೇ ಅವನಿಗೆ ತಲೆ ಸುತ್ತುತ್ತಿತ್ತು.

ಉಳಿದದ್ದು ಲಿಂಗಕ್ಕನ ಪಾಲು. ಆ ಸಂತೆಯ ಹಿಂದಿನ ದಿನ ಆಕೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಎದುರಿಗೇ "ಇವನಿಗೆ ನೀವರ ಹೇಳ್ರಿ, ಮೊಮ್ಮಗಳನ್ನ ಆಡಿಸೋ ಹೊತ್ನಾಗ ಕುಡುಕ ಆಗ್ಯಾನ" ಎಂದು ಬಾಯಿ ಮಾಡಿದ್ದಳು. ಹಿರಿಯರು ಉಚ್ಚೀರಪ್ಪನನ್ನು ನೋಡಿ ತಲೆಯಾಡಿಸಿದರು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಿಟ್ಟೂ ಬಂತು. ಇಷ್ಟು ಮಾಡಿಯೂ ಇಂಥ ಮಾತು ಕೇಳಬೇಕೇ? ಈ ಸಲ ಆಕೆಯದಲ್ಲ, ತನ್ನ ಪಾಲಿನದನ್ನೇ ತಗೊಂಡುಬಿಡುತ್ತೇನೆ, ಆಕೆ ತನ್ನ ಬಾಯಿಯಿಂದಲೇ ಬದುಕಲಿ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಆದೋನಿಗೆ ಬಂದ.

ಸಾಲಿನಲ್ಲಿ ಮುಂದೆ ನಿಂತವನು ಯಾವುದೋ ಊರಿನ ಹೆಂಗಸಿನ ಸಾವಿನ ಸುದ್ದಿ ಹೇಳುತ್ತಿದ್ದ. ಒರತೆಗೆ ನೀರಿಗೆ ಹೋದವಳು ಅಲ್ಲೇ ಬೊಗಸೆಯಲ್ಲಿ ಕುಡಿದಳಂತೆ, ಕೊಡ ಹೊತ್ತು ಮನೆಗೆ ಬಂದಳಂತೆ, ಅಷ್ಟೇಯಂತೆ. ಲಿಂಗಕ್ಕ ದಿನಾ ಹಳ್ಳದ ಒರತೆ ತೋಡಿ ನೀರು ತರುವವಳು. ನೀರು ತಿಳಿಯಾಗಿದೆಯೋ ಇಲ್ಲವೋ ಎಂದು ಮೊದಲು ಆಕೆಯೇ ಬೊಗಸೆಯಲ್ಲಿ ಕುಡಿದು ನೋಡುತ್ತಾಳೆ. ಸರಿ ಇದ್ದರೆ ಮಾತ್ರ ಉಳಿದವರಿಗೆ ತುಂಬುತ್ತಾಳೆ. ಅಯ್ಯೋ, ಎಲ್ಲರಿಗಿಂತ ಮೊದಲು ಆಕೆಯದೇ ಆಗಬೇಕಿತ್ತಲ್ಲ, ತಾನೆಂಥ ಹುಂಬ ಎಂದು ಉಚ್ಚೀರಪ್ಪ ತಲೆ ತಲೆ ಬಡಿದುಕೊಂಡ.

ಎಡತೋಳು ಮುಂದೆ ಮಾಡಿದ. ಸೂಜಿ ಇಳಿಯಿತು. "ಲಿಂಗಕ್ಕಾ" ಎಂದ. ಹೆಂಡತಿಯ ಹೆಸರನ್ನು ಹಾಗೆ ನಾಲ್ಕು ಜನರ ನಡುವೆ ಹೇಳಿ ಅಭ್ಯಾಸವಿಲ್ಲದ್ದರಿಂದ ದನಿ ಸ್ವಲ್ಪ ಸಣ್ಣದಾಯಿತು. ತಲುಪಿತೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ಜೋರಾಗಿ ಹೇಳಿದ.

ಆ ಸಲ ಮಾತ್ರ ಜ್ವರ ಮರುದಿನಕ್ಕೆ ಬಿಡಲಿಲ್ಲ. ಎರಡೂ ತೋಳು ಬಾತು ಕುಂಬಳಕಾಯಿಯಾದವು; ಅಂಗಿಯ ತೋಳು ಮೇಲೇರಿಸಲು ಬಾರದು, ಕೈ ಎತ್ತಲು ಬಾರದು. ಕಣ್ಣು ಕೆಂಪಗೆ, ಮಾತು ತೊದಲು. ಲಿಂಗಕ್ಕ ಬೈಯಲೆಂದು ಬಾಯಿ ತೆರೆದವಳು ಹಣೆ ಮುಟ್ಟಿ ನೋಡಿ ಬಾಯಿ ಮುಚ್ಚಿದಳು. ಆಕೆ ಬಾಯಿ ಮುಚ್ಚಿದ್ದು ಕಂಡು ಉಚ್ಚೀರಪ್ಪನಿಗೆ ಮೊದಲ ಬಾರಿ ಹೆದರಿಕೆಯಾಯಿತು.

"ಗತ್ತರ ಹೊಕ್ಕೈತಿ" ಎಂದಳು ಆಕೆ.

"ವಾಂತಿ ಇಲ್ಲ, ಭೇದಿ ಇಲ್ಲ, ಗತ್ತರ ಹ್ಯಾಂಗಾದೀತೇ?" ಎಂದಳು ಗೋಡೆಯಾಚೆಯ ಭೀಮಕ್ಕ.

"ಈ ಮನುಷ್ಯಾ ಏನಾದ್ರೂ ಹೇಳೋ ಪೈಕಿ ಏನು? ಗಾಡಿ ಕಟ್ಟೋ ಭೀಮಲಿಂಗಾ! ಆದೋನಿ ಡಾಕ್ಟ್ರ ಹತ್ರ ಹೊಡಿ!"

ಸೂಜಿಯ ಹೆಸರು ಕೇಳಿದರೆ ಉರಿದುಬೀಳುತ್ತಿದ್ದವಳು ತಾನಾಗಿಯೇ ಡಾಕ್ಟರ ಹೆಸರೆತ್ತಿದಳು. ಗಿಡ್ಡಮ್ಮ ಮಗಳನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಮನೆಯಲ್ಲಿ ಯಾರೂ ಉಳಿಯಲಿಲ್ಲ. ಉಚ್ಚೀರಪ್ಪ ಮಾತ್ರ ಗಾಡಿಯ ಹುಲ್ಲಿನ ಮೇಲೆ ಮಲಗಿ, ತಲೆಯನ್ನು ಲಿಂಗಕ್ಕನ ತೊಡೆಯ ಮೇಲೆ ಇಟ್ಟುಕೊಂಡು, "ನನಗೇನೂ ಆಗಿಲ್ಲ, ಆಗಬೇಕಾದ್ದು ಆಗೈತಿ" ಎಂದು ಗೊಣಗುತ್ತಿದ್ದ. ಲಿಂಗಕ್ಕ ಸೆರಗಿನಿಂದ ನೊಣ ಓಡಿಸುತ್ತ ಕಣ್ಣೀರು ಹಾಕಿದಳು. ಡಾಕ್ಟರು ನೊಣದ ಬಗ್ಗೆ ಹೇಳಿದ್ದನ್ನು ಆಕೆಗೆ ಹೇಳಬೇಕೆಂದು ಉಚ್ಚೀರಪ್ಪನಿಗೆ ಅನ್ನಿಸಿತು, ಆಗಲಿಲ್ಲ.

ದವಾಖಾನೆಯ ಬೆಂಚಿನ ಮೇಲೆ ಮಲಗಿಸಿದರು. ಉರುಕುಂದಪ್ಪನವರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ಅಂಗಿಯ ತೋಳು ಕತ್ತರಿಸಿ ತೆಗೆದರು. ಹಳೆಯ ಗಾಯದ ಕಲೆ, ಅದರ ಪಕ್ಕಕ್ಕೆ ಹೊಸದು, ಆ ಕಡೆ ತೋಳಲ್ಲೂ ಹಾಗೇ.

"ಯಾರಪ್ಪಾ ನಿನಗ ಇಷ್ಟು ಸೂಜಿ ಚುಚ್ಚಿದೋರು?"

"ನೀವೇ ರೀ" ಎಂದ ಉಚ್ಚೀರಪ್ಪ.

ಡಾಕ್ಟರು ಹನುಮಂತುವನ್ನು ನೋಡಿದರು. ಹನುಮಂತು ಮೊದಲ ಬಾರಿಗೆ ಆ ಮುಖವನ್ನು ನೋಡಿದ, ಗುರುತು ಹತ್ತಲಿಲ್ಲ. ತೋಳನ್ನು ನೋಡಿದ, ಗುರುತು ಹತ್ತಿತು. ಅವನ ಮುಖ ಬಿಳಿಚಿಕೊಂಡಿತು.

"ಯಾಕ ತಗೊಂಡಿ? ಒಂದು ಸಾಕಾಗಿತ್ತಲ್ಲ?"

"ಒಬ್ರಿಗೆ ಒಂದ್ರಿ. ಮನಿ ಮಂದಿಗೆಲ್ಲಾ ಆಗ್ಬೇಕಂದ್ರಲ್ಲ ನೀವು. ಇವರು ಬರಂಗಿಲ್ಲ ಅಂದ್ರು. ಅದಕ್ಕ ಇವರ ಪಾಲಿಂದೆಲ್ಲಾ ನಾನೇ ಹಾಕಿಸ್ಕೊಂಡೆ. ಹೆಸರು ಹೇಳೇ ಹಾಕಿಸ್ಕೊಂಡೀನ್ರಿ, ಸುಮ್ಸುಮ್ನೆ ಅಲ್ಲ. ಹೆಸರು ಹೇಳದಿದ್ರ ತಲುಪಂಗಿಲ್ಲ ನೋಡ್ರಿ. ಮೊದಲು ಕೂಸಿಂದು, ಆಮ್ಯಾಲೆ ಸೊಸೀದು, ಮಗಂದು, ಕಡೀಗೆ ಆಕೀದು."

ಉರುಕುಂದಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ಆಚೆ ಪ್ರೆಸ್ಸು ಧಡಧಡ ಎನ್ನುತ್ತಿತ್ತು.

"ಅಂದ್ರ..." ಎಂದಳು ಲಿಂಗಕ್ಕ. ಆಕೆಯ ದನಿ ಅವಳದಾಗಿರಲಿಲ್ಲ. "ಸಂತಿ ದಿನ ಓಲಾಡ್ಕೊಂತ ಬರ್ತಿದ್ದಿ... ಅದು ಸೇಂದಿ ಅಲ್ಲಾ?"

"ಜ್ವರ."

"ಮತ್ತ ಬಾಯಿ ಬಿಡಾಕೇನಾಗಿತ್ತು ನಿನಗ! ಕಟ್ಟಿ ಮ್ಯಾಲಿನ ಮಂದಿ ಮುಂದ ಬಾಯಿಗೆ ಬಂದಂಗ ಅಂದ್ನೆಲ್ಲೋ, ನನ್ನ ಬಾಯಿಗೆ ಹುಳ ಬೀ..."

"ತೀರೋ ತನಕ ಹೇಳಬಾರ್ದು" ಎಂದ ಉಚ್ಚೀರಪ್ಪ ಸಮಾಧಾನವಾಗಿ.

ಡಾಕ್ಟರು ಗಂಟಲು ಸರಿ ಮಾಡಿಕೊಂಡರು. "ನೋಡ್ರಿ, ಈ ಮದ್ದು ಹಂಗ ಕೆಲಸ ಮಾಡಂಗಿಲ್ಲ. ಯಾರ ಮೈಯಾಗ ಹೋಗ್ತೈತೋ ಅವರನ್ನಷ್ಟ ಕಾಯ್ತೈತಿ."

"ಯಾಕ ಮಾಡಂಗಿಲ್ಲ?" ಲಿಂಗಕ್ಕ ಅವರ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ತನ್ನ ಜಾಗಕ್ಕೆ ಬಂದಿತ್ತು. "ಶ್ರಾವಣದಾಗ ಇವನೊಬ್ಬನ ಒಪ್ಪತ್ತು ಇರ್ತಾನ. ಪುಣ್ಯ ನಮಗ ಮುಟ್ಟಂಗಿಲ್ಲೇನು? ನಾಲ್ಕು ಸಲ ಜ್ವರ ತಿಂದಾನ ನಮ್ಮ ಸಲುವಾಗಿ. ಅದು ಸುಮ್ನ ಹೋಗ್ತೈತೇನು? ಸುತ್ತಲ ಊರಾಗೆಲ್ಲಾ ಗತ್ತರ ಬಂದೈತಿ, ನಮ್ಮ ಮನಿಗೆ ಬಂದಿಲ್ಲ, ಅದು ಹ್ಯಾಂಗ?"

ಡಾಕ್ಟರ ಬಳಿ ಇದಕ್ಕೆ ಉತ್ತರ ಇತ್ತು. ಮದ್ರಾಸಿನಲ್ಲಿ ಅದಕ್ಕೆಂದೇ ಪುಸ್ತಕಗಳನ್ನು ಓದಿದ್ದರು. ಆದರೆ ಆ ಹೆಂಗಸಿನ ಮುಖ ನೋಡಿ ಉತ್ತರವನ್ನು ನುಂಗಿಕೊಂಡರು. ಬೆಂಚಿನ ಕಡೆ ಬಾಗಿ ಕೇಳಿದರು.

"ಉಚ್ಚೀರಪ್ಪಾ, ಎಲ್ಲಾರದೂ ಆತು. ನಿಂದು?"

ಉಚ್ಚೀರಪ್ಪ ಮನಸ್ಸಿನಲ್ಲೇ ಎಣಿಸಿದ. ಕೂಸು, ಸೊಸೆ, ಮಗ, ಲಿಂಗಕ್ಕ. ಇನ್ನೊಮ್ಮೆ ಎಣಿಸಿದ. ಮಂದೆಯಲ್ಲಿ ಒಂದು ಕುರಿ ಕಡಿಮೆ ಬಂದಾಗ ಮಾಡುವಂತೆ ಬೆರಳು ಮಡಿಸಿ ಮೂರನೇ ಸಲವೂ ಎಣಿಸಿದ.

"ನಂದು ಕಡೀಗೆ ಇಟ್ಕೊಂಡಿದ್ನಿರಿ" ಎಂದ. "ಮುಂದಿನ ಸಂತಿಗೆ."

ಲಿಂಗಕ್ಕ ಬೆಂಚಿನ ಅಂಚು ಹಿಡಿದುಕೊಂಡಳು. "ಅಂದ್ರ ಇವನಿಗೆ ಇಲ್ಲಾ? ಎಲ್ಲಾರಿಗೂ ಐತಿ, ಇವನೊಬ್ಬಗ ಇಲ್ಲಾ? ಹಾಕ್ರಿ ಡಾಕ್ಟ್ರೇ, ಈಗಿಂದೀಗ ಹಾಕ್ರಿ!"

ಸೂಜಿ ಹಾಕಿರೆಂದು ಲಿಂಗಕ್ಕ ಕೈಮುಗಿಯುತ್ತಿದ್ದಳು. ಭೀಮಲಿಂಗಪ್ಪ ಬಾಯಿ ತೆರೆದು ಅವ್ವನನ್ನು ನೋಡಿದ.

"ಇವನ ಮೈಗೆ ಇನ್ನೊಂದು ಹಾಕೋ ಹಂಗಿಲ್ಲ ತಾಯಿ. ತೋಳು ನೋಡು, ಜಾಗ ಎಲ್ಲೈತಿ?"

"ಹಂಗಾದ್ರ ಇವನ ಪಾಲಿಂದು?"

ಉರುಕುಂದಪ್ಪನವರು ಮೀಸೆಯ ಮೇಲಿನ ಅರಳೆಯನ್ನು ನಿಧಾನವಾಗಿ ತೆಗೆದರು. ಮುಖದಲ್ಲಿ ನಗು ಎಂಬುದೇ ಇರಲಿಲ್ಲ.

"ಅವನು ನಿಮ್ಮದು ತಗೊಂಡಾನ. ಅವನದು ನಿಮ್ಮಾಗ ಯಾರಾದ್ರೂ ತಗೋಬೇಕು."

"ನಾ ತಗೊಂತೀನಿ" ಎಂದ ಭೀಮಲಿಂಗಪ್ಪ. ಅವ್ವ ಅಂದಂಗ ಎನ್ನದೆ ಅವನಾಡಿದ ಮೊದಲ ಮಾತು ಅದು.

"ನೀ ಯಾವನೋ? ನನ್ನ ಗಂಡಂದು ನಾ ತಗೊಂತೀನಿ, ಸರಿ ಆಚಿಗೆ!"

"ಮಾವಂದು ನಾನೂ..." ಎಂದಳು ಗಿಡ್ಡಮ್ಮ, ಅತ್ತೆಯ ಎದುರಿಗೆ.

"ತಾತಂದು ನಂಗ!" ಎಂದು ಹುಲುಗಮ್ಮ ಅಳಲು ಶುರು ಮಾಡಿದಳು. ಏನೋ ಹಂಚುತ್ತಿದ್ದಾರೆ, ತನಗೆ ಸಿಗದೆ ಹೋದೀತು ಎಂದು ಅವಳ ಚಿಂತೆ.

"ಜಗಳ ಬ್ಯಾಡ" ಎಂದರು ಡಾಕ್ಟರು. "ಯಜಮಾನನ ಪಾಲು ಅಂದ್ರ ಒಬ್ಬರ ಮೈಯಾಗ ಹಿಡಿಯಂಗಿಲ್ಲ. ಎಲ್ಲಾರೂ ಹಂಚ್ಕೊಂಡು ತಗೋಬೇಕು. ಮತ್ತ ಇನ್ನೊಂದು. ಮನಿಗೆ ಹೋಗಿ ನೀರು ಕಾಸಿ ಕುಡೀಬೇಕು, ಇಲ್ಲಾಂದ್ರ ಅವನಿಗೆ ಮುಟ್ಟೋದು ಅರ್ಧನ."

"ಕಾಸ್ತೀನಿ" ಎಂದಳು ಲಿಂಗಕ್ಕ. ಕಟ್ಟಿಗೆಯ ಮಾತೇ ಎತ್ತಲಿಲ್ಲ.

ಹನುಮಂತು ಸೂಜಿ ಕುದಿಸಿದ. ಭೀಮಲಿಂಗಪ್ಪ "ಅಪ್ಪಾ" ಎಂದು ಹಾಕಿಸಿಕೊಂಡ. ಗಿಡ್ಡಮ್ಮ ಕಣ್ಣು ಮುಚ್ಚಿ "ಮಾವಾ" ಎಂದಳು. ಹುಲುಗಮ್ಮನಿಗೆ ಹಂಚಿದ್ದು ಏನೆಂದು ಗೊತ್ತಾದಾಗ ತಡವಾಗಿತ್ತು. "ತಾತಾ" ಎಂದು ಅವಳು ಅರಚಿದ್ದು ಓಣಿಗೆಲ್ಲ ಕೇಳಿರಬೇಕು. ಉಚ್ಚೀರಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿ ಒಂದೊಂದನ್ನೂ ಕೇಳಿಸಿಕೊಂಡ. ಇಷ್ಟು ಜನ ತನ್ನ ಸಲುವಾಗಿ ನೋವು ತಿನ್ನುತ್ತಾರೆಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ.

ಕೊನೆಗೆ ಲಿಂಗಕ್ಕನ ಸರದಿ ಬಂತು. ಆಕೆ ಬಳೆ ಹಿಂದಕ್ಕೆ ಸರಿಸಿ, ರವಿಕೆಯ ತೋಳು ಮೇಲೆ ಮಾಡಿ ಕೂತಳು. ಹನುಮಂತು ಸ್ಪಿರಿಟ್ ಒರೆಸಿದ. ಲಿಂಗಕ್ಕ ಮಾತಾಡಲಿಲ್ಲ. ಹನುಮಂತು ಕಾದ.

"ಜೇಜೀ, ಹೆಸರು ಹೇಳು" ಎಂದಳು ಹುಲುಗಮ್ಮ ಬಿಕ್ಕುತ್ತ. ಅಜ್ಜಿಯನ್ನು ಅವಳು ಕರೆಯುತ್ತಿದ್ದುದು ಹಾಗೆ.

"ನನಗ ಗೊತ್ತೈತಿ, ಸುಮ್ನಿರು."

ಉಚ್ಚೀರಪ್ಪ ಕಣ್ಣು ತೆರೆದ. ಲಿಂಗಕ್ಕನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಹೇಳಿದರೆ ಆಯುಸ್ಸು ಇಳಿಯುತ್ತದೆ. ಹೇಳದಿದ್ದರೆ ತಲುಪುವುದಿಲ್ಲ. ಆಕೆ ಒಮ್ಮೆ ಗೋಡೆಯನ್ನು ನೋಡಿದಳು, ಒಮ್ಮೆ ಸೂಜಿಯನ್ನು.

"ಹೆಸರು ಹೇಳದಿದ್ರೂ ನಡೀತೈತಿ ತಾಯಿ" ಎಂದರು ಡಾಕ್ಟರು ಮೆಲ್ಲಗೆ.

"ನಿಮಗೇನ್ ಗೊತ್ತು" ಎಂದಳು ಲಿಂಗಕ್ಕ. "ತಲುಪದಿದ್ರ?"

ಆಮೇಲೆ ಮೇಲಕ್ಕೆ ನೋಡಿ ಕೈ ಮುಗಿದಳು. "ಇವನಿಗೆ ಎಷ್ಟು ಕಡಿಮಿ ಆಗ್ತೈತೋ ಅಷ್ಟು ನಂದರಾಗ ತಗೋಪಾ" ಎಂದು ದೇವರಿಗೆ ಹೇಳಿ ತೋಳು ಮುಂದೆ ಚಾಚಿದಳು. ಹನುಮಂತು ಸೂಜಿ ಇಳಿಸಿದ.

"ಉಚ್ಚೀರಪ್ಪಾ!" ಎಂದಳು.

ಗೋಡೆಯಾಚೆಯ ಭೀಮಕ್ಕ ಕೂಗಿದ್ದಕ್ಕಿಂತ ಜೋರಾಗಿಯೇ ಹೇಳಿದಳು. ಆ ಬಾಯಿಯಲ್ಲಿ ತನ್ನ ಹೆಸರು ಹೇಗೆ ಕೇಳಿಸುತ್ತದೆಂದು ಉಚ್ಚೀರಪ್ಪನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಜ್ವರದ ತಲೆ ಎತ್ತಲಾರದೆ, ಹೊಲದ ಆಚೆ ಬದಿಯಿಂದ ಯಾರೋ ಕರೆದರೆ ಹೇಗೋ ಹಾಗೆ, "ಓ" ಎಂದ.

"ಓ ಅಂತ ಓ! ಸುಮ್ನ ಮಲ್ಕೊ" ಎಂದು ಲಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.